ಇಪ್ಪತ್ಮೂರು ಪಟ್ಟಿ, ಒಂದೇ ಕಿವಿ

ಕಡ್ಲಿಕೊಪ್ಪ, ಭಾನುವಾರ, ೧೬ ಜೂನ್ ೨೧೪೩

ಇಂದು ಬೆಳಿಗ್ಗೆ ಆರೂವರೆಗೆ ಚೆನ್ನಮಲ್ಲವ್ವನ ಹಸು ಗಂಗಿ ಸತ್ತಿತು. ಈ ತಿಂಗಳಲ್ಲಿ ಊರಿನಲ್ಲಿ ಸತ್ತ ಮೂರನೆಯ ದನ ಇದು. ಉಣ್ಣಿಹುಳ ಕಚ್ಚಿ ರಕ್ತಕ್ಕೆ ಸೇರಿದ ಪರೋಪಜೀವಿಯೇ ಕಾರಣ ಎಂದು ಪಶುವೈದ್ಯೆ ರುಕ್ಸಾನಾ ನದಾಫ ವರದಿ ಕೊಟ್ಟಿದ್ದಾರೆ. ವರದಿಯ ಎರಡನೆಯ ಸಾಲು ನನ್ನ ಬಗ್ಗೆ: ಜೂನ್ ಮೂರರಂದು ನಾನು ಕಳಿಸಿದ ಇಪ್ಪತ್ಮೂರು ಪರೀಕ್ಷಾ ಪಟ್ಟಿಗಳಲ್ಲೂ ಇರುವುದು ಒಂದೇ ದನದ ರಕ್ತ.

ತಾಯಿ ನೀಲವ್ವ, ನಾನು ನಿಮ್ಮ ಮರಿಮಗಳ ಮರಿಮಗ, ಫಕ್ಕೀರೇಶ. ನೀವು ಡೇರಿಯಲ್ಲಿ ಮಾಡುತ್ತಿದ್ದ ದನದ ಪರೀಕ್ಷೆ ಈಗ ನನ್ನ ಕೆಲಸ. ನಮ್ಮ ಕೆಲವು ಮಾತು ನಿಮಗೆ ಹೊಸದೆನಿಸಿದರೆ ಕ್ಷಮಿಸಿ. ನೂರು ವರ್ಷದ ಹಿಂದೆ, ನಿಮ್ಮ ಕಾಲಕ್ಕೆ, ಡೇರಿಗೆ ಆಗಷ್ಟೇ ಬಂದಿದ್ದ ಆ ಪರೀಕ್ಷೆಯನ್ನು ನಾವು ಕಿವಿಹನಿ ಎನ್ನುತ್ತೇವೆ. ದನದ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಗೆ ಹಾಕುವುದು. ಹತ್ತು ನಿಮಿಷದಲ್ಲಿ ಒಂದು ಗೆರೆ ಮೂಡಿದರೆ ನಿರೋಗಿ, ಎರಡು ಮೂಡಿದರೆ ಅಂದೇ ಔಷಧ. ಪಟ್ಟಿಗಳನ್ನು ತರುವುದು ಸುತ್ತುಬಂಡಿ, ಎಂದರೆ ಚಾಲಕನಿಲ್ಲದೆ ಊರೂರು ತಿರುಗುವ ಗಾಡಿ. ನಮ್ಮೂರಿಗೆ ಅದು ಬರುವುದು ಸೋಮವಾರ. ಬಂದ ಪಟ್ಟಿಗಳಿಗೆ ಹನಿ ಹಾಕಿ, ಗೆರೆ ನೋಡಿ ಬರೆದುಕೊಂಡು, ಸಂಜೆಯೊಳಗೆ ಅದೇ ಗಾಡಿಯಲ್ಲಿ ಹಿಂದಕ್ಕೆ ಕಳಿಸಬೇಕು.

ಸೋಮವಾರ ಬಸವಣ್ಣನ ಬಿಡುವು, ಎತ್ತು ಹೂಡಬಾರದು ಎಂಬುದು ನಿಮಗೆ ಗೊತ್ತು. ಈಗ ನೊಗ ಕಂಡವರೇ ಇಲ್ಲ. ಬಿಡುವು ಮಾತ್ರ ಉಳಿದು, ಬರಬರುತ್ತ ಸೂಜಿಗೂ ಅಂಟಿಕೊಂಡಿದೆ. ಜೂನ್ ಮೂರರ ಸೋಮವಾರ ಮೊದಲ ಕೊಟ್ಟಿಗೆಯಲ್ಲೇ ನನ್ನನ್ನು ತಡೆದು, ಸೋಮವಾರ ಸೂಜಿ ಹಿಡಿದು ಬಂದೆಯಾ ಎಂದು ನಕ್ಕರು. ಎರಡನೆಯ ಮನೆಯಲ್ಲಿ ಚಹಾ ಕೊಟ್ಟು ಕಳಿಸಿದರು. ಮೂರನೆಯ ಮನೆಗೆ ನಾನು ಹೋಗಲಿಲ್ಲ. ನಮ್ಮ ಕೆಂದಿಯ ಕಿವಿಯಿಂದಲೇ ಇಪ್ಪತ್ಮೂರು ಹನಿ ತೆಗೆದೆ. ನನ್ನ ಹಸುವಿಗೆ ಸೋಮವಾರ ಅಡ್ಡ ಬರಲಿಲ್ಲ. ಎಲ್ಲದರಲ್ಲೂ ಒಂದೇ ಗೆರೆ.

ಡೇರಿಯ ಗೋಡೆಗೆ ಫಲಿತಾಂಶ ಅಂಟಿಸುವಾಗ ಕೇಳಿದವಳು ಚೆನ್ನಮಲ್ಲವ್ವ ಒಬ್ಬಳೇ. “ತಮ್ಮಾ, ನಮ್ಮ ಗಂಗಿ ಹೆಸರು ಬರದೀಯಲ್ಲ, ಆಕಿ ಕಿವಿ ಯಾವಾಗ ನೋಡಿದಿ?”

“ಎಲ್ಲಾ ಒಂದ ಹುಲ್ಲು ತಿಂತಾವ, ಬಿಡಬೇ ಯವ್ವಾ,” ಎಂದೆ. ಸುತ್ತ ನಿಂತವರು ನಕ್ಕರು. ಅವಳೂ ನಕ್ಕಳು.

ಒಂಬತ್ತನೆಯ ತಾರೀಖು ಗಂಗಿ ಮೇವು ಬಿಟ್ಟಿತು. ಚೆನ್ನಮಲ್ಲವ್ವ ವೈದ್ಯೆಯನ್ನು ಕರೆಯಲಿಲ್ಲ. ಬಿಸಿಲಿಗೆ ಹಾಗಾಗಿದೆ ಎಂದುಕೊಂಡು ಐದು ದಿನ ಬೆಲ್ಲದ ನೀರು ಕುಡಿಸಿದಳು. ಹದಿನಾಲ್ಕರಂದು ವೈದ್ಯೆ ಬಂದು ಕಣ್ಣಿನ ರೆಪ್ಪೆ ಮಗುಚಿದಾಗ ಒಳಗೆಲ್ಲ ಬಿಳಿಚಿಕೊಂಡಿತ್ತು. ಇಷ್ಟು ತಡವೇಕೆ ಎಂದು ಅವರು ಕೇಳಿದರು.

ಚೆನ್ನಮಲ್ಲವ್ವ ನನ್ನ ಕಡೆ ಕೈ ತೋರಿಸಿದಳು. “ಒಂದ ಗೆರಿ ಬಂದೈತಿ ಅಂತ ಇವಾ ಬರದಿದ್ನಲ್ರಿ. ಅದಕ್ಕ ಸುಮ್ಮನಿದ್ದೆ.”

ಅದು ದೂರಲ್ಲ. ನನ್ನನ್ನು ನಂಬಿದ್ದಕ್ಕೆ ಅವಳು ಕೊಟ್ಟ ಕಾರಣ. ನಾನು ಗಂಗಿಯ ಹಗ್ಗ ಹಿಡಿದು ನಿಂತಿದ್ದೆ. ಇಂದಿನ ವರದಿಯನ್ನೂ ಅವಳು ಓದಿಲ್ಲ. ಅವಳಿಗೆ ಓದಿ ಹೇಳುತ್ತಿದ್ದವನು ನಾನೇ.

ಪಟ್ಟಿಯ ಪೆಟ್ಟಿಗೆ ಮೇಲೆ ನೀವು ಬರೆದದ್ದು ಇಂದಿಗೂ ಇದೆ: ‘ಒಂದು ದನ, ಒಂದು ಹನಿ.’ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅದನ್ನು ನಕಲು ಮಾಡುತ್ತ ಬಂದಿದ್ದೇವೆ. ಅದರ ಕೆಳಗೆ ‘ಸೋಮವಾರವೂ’ ಎಂಬ ಒಂದು ಮಾತು ಸೇರಿಸಿ. ಅದಿದ್ದರೂ ನಾನು ಹೀಗೆಯೇ ಮಾಡುತ್ತಿದ್ದೆನೋ ಏನೋ. ಆದರೂ ಸೇರಿಸಿ.

ಉಳಿದ ಇಪ್ಪತ್ತು ದನಗಳ ಮರುಪರೀಕ್ಷೆ ನಾಳೆ, ಸೋಮವಾರ, ಬೆಳಿಗ್ಗೆ ಏಳಕ್ಕೆ, ಚೆನ್ನಮಲ್ಲವ್ವನ ಕೊಟ್ಟಿಗೆಯಿಂದ ಶುರು. ರಕ್ತ ತೆಗೆಯುವವರು ವೈದ್ಯೆ. ಆರೂವರೆಗೆ ನಾನು ಅಲ್ಲಿಗೆ ಹೋಗಿ ವರದಿಯ ಎರಡೂ ಸಾಲು ಅವಳಿಗೆ ಓದಿ ಹೇಳಬೇಕು.