ಬೀಜಕ್ಕಿಟ್ಟ ಗೋಧಿ

ಜೂನ್ 4
ಬೆಳಿಗ್ಗೆ ಮತ್ತೆ ಪಂಪ್ ಕೆಟ್ಟಿತು. ರಿಪೇರಿ ಮುಗಿಸಿ ಕೈ ತೊಳೆಯುವಷ್ಟರಲ್ಲಿ ತಮ್ಮ ಹಾಜರ್. ದೊಡ್ಡ ಗ್ಯಾಲರಿಯಲ್ಲಿ ಇವನ ಇನ್‌ಸ್ಟಲೇಶನ್ ಅಂತೆ, ಹಾಲ್ ತುಂಬ ಕೊಯ್ದ ಗೋಧಿ ತೂಗುಹಾಕಿದ ಕಲಾಕೃತಿ. ಅವನ ಕಣ್ಣು ಬಿದ್ದದ್ದು ಅಡುಗೆಮನೆ ತೊಲೆಯ ಮೇಲೆ. ಹೊಲದ ನಡುವಿನ ಒಳ್ಳೆ ತೆನೆಗಳನ್ನು ಬಡಿಯದೆ, ಕಟ್ಟು ಕಟ್ಟಿ, ಬೀಜಕ್ಕೆಂದು ಅಲ್ಲಿ ತೂಗುಹಾಕುವುದು ಅಮ್ಮನ ಕಾಲದ ಪದ್ಧತಿ. ಮಿಕ್ಕಿದ್ದು ಗಿರಣಿಗೆ ಹೋಗಿಯಾಗಿದೆ. ಈ ಕೆಂಪು ಗೋಧಿ ಬೇರೆ ಯಾರ ಹತ್ತಿರವೂ ಇಲ್ಲ.

"ಹೇಗೂ ನೇತಾಡೋದು ತಾನೇ ಅಕ್ಕಾ? ಇಲ್ಲಿ ನೇತಾಡೋ ಬದ್ಲು ಅಲ್ಲಿ ನೇತಾಡ್ಲಿ. ಬಿತ್ತನೆಗೆ ಮುಂಚೆ ವಾಪಸ್. ಅಮ್ಮನ ಹೆಸರಲ್ಲಿ ಮಾಡ್ತಿರೋದು."

ಅಮ್ಮ ಅಂದ ಕೂಡಲೇ ಕರಗಿದೆ. ಅವನ ಕಾರಿನ ಡಿಕ್ಕಿಗೆ ಕಟ್ಟುಗಳನ್ನೆಲ್ಲ ನಾನೇ ತುಂಬಿದೆ.

ಆಗಸ್ಟ್ 19
ಗ್ಯಾಲರಿಗೆ ಹೋಗಿ ನೋಡಿ ಬಂದೆ. ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಬಿಳಿ ಹಾಲ್, ಮೇಲಿಂದ ಇಳಿಬಿದ್ದ ತೆನೆಗಳು. ಮುಟ್ಟಿದೆ — ಅಂಟು!

"ಏನೋ ಇದು?"

"ಫೈರ್ ಸೇಫ್ಟಿ ಅಕ್ಕ... ಬೆಂಕಿ ಹಿಡೀಬಾರ್ದು ಅಂತ ಹೋದ ತಿಂಗಳೇ ಸ್ಪ್ರೇ ಹೊಡೆದ್ರು."

"ಅದು ಬೀಜ ಕಣೋ!"

ಮ್ಯಾನೇಜರಮ್ಮ ನಡುವೆ ಬಾಯಿ ಹಾಕಿದಳು: "ಬಣ್ಣ ಏನೂ ಹೋಗಿಲ್ಲ ಮೇಡಂ, ನೋಡಿ."

ಬಣ್ಣವಂತೆ. ಮೈಯೆಲ್ಲ ಉರಿದುಹೋಯಿತು. ಇವನಿಗೆ ತಿಂಗಳಿಂದ ಗೊತ್ತಿತ್ತು. ಬಾಯಿ ಹೊಲಿದುಕೊಂಡು ಕೂತಿದ್ದ. ಗೋಡೆಯ ಮೇಲೆ "ಅಮ್ಮನಿಗೆ" ಅಂತ ಬೋರ್ಡು ಬೇರೆ. ಒಂದು ತೆನೆ ಕಿತ್ತುಕೊಂಡೆ. "ಮುಟ್ಬಾರ್ದಮ್ಮ" ಅಂದ ಗಾರ್ಡಿಗೂ ಮಂಗಳಾರತಿ ಎತ್ತಿದೆ. ಪಾಪ, ಅವನದೇನು ತಪ್ಪು.

ಆಗಸ್ಟ್ 20
ಕಾಳು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ತಮ್ಮನ ಫೋನ್. ಮತ್ತೆ ಫೋನ್. ಹೊಡ್ಕೊಳ್ಳಲಿ.

ಆಗಸ್ಟ್ 27
ಬಟ್ಟೆ ಬಿಚ್ಚಿದೆ. ಒಂದೂ ಮೊಳೆತಿಲ್ಲ. ಲೋಳೆ, ನಾತ. ಅಮ್ಮ ಹೋದ ದಿನ ಅಳು ಬಂದಿರಲಿಲ್ಲ, ಇವತ್ತು ಬಂತು. ಅವನಿಗೆ ಮೆಸೇಜ್ ಹಾಕಿದೆ — ಈ ಮನೆ ಹೊಸ್ತಿಲು ತುಳಿಯಬೇಡ.

ನವೆಂಬರ್ 2, ಸಂಜೆ
ಹೊಲ ಉತ್ತಾಗಿದೆ. ಬಿತ್ತಲು ಏನಿದೆ, ನನ್ನ ತಲೆ? ಅಂಗಡಿ ಬೀಜ ತರಲು ಮನಸ್ಸು ಒಪ್ಪುತ್ತಿಲ್ಲ.

ತುಳಿಯಬೇಡ ಅನ್ನಿಸಿಕೊಂಡವನು ಬಂದ. ತುಳಿಯಲಿಲ್ಲ. ಹೊಸ್ತಿಲ ಆಚೆಯೇ ನಿಂತು ಮುಷ್ಟಿ ಚಾಚಿ ಬಿಚ್ಚಿದ.

"ಬೈಯೋದು ಆಮೇಲೆ ಬೈಯಕ್ಕ. ಕಾರು ತೊಳೀತಿದ್ದೆ. ಡಿಕ್ಕಿ ಮ್ಯಾಟ್ ಕೆಳಗೆ ಈ ಕಾಳು ಸಿಕ್ತು. ಇಲ್ಲಿಂದ ತಗೊಂಡು ಹೋದ ದಿನಾನೇ ಉದುರಿದ್ದು, ಸ್ಪ್ರೇ ಬಿದ್ದಿಲ್ಲ."

ಅರ್ಧ ಹಿಡಿಯೂ ಇಲ್ಲ. ಹೊಲದ ಒಂದು ಮೂಲೆಗೂ ಸಾಲದು. ಇಷ್ಟು ದಿನ ಕೂಡಿಟ್ಟ ಬೈಗುಳವೆಲ್ಲ ಬಾಯಿಗೆ ಬಂತು. ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ, ಅಂಗೈ ಮಾತ್ರ ಇಳಿಸಲಿಲ್ಲ. ಕೋಪ ಇಳಿದಿಲ್ಲ, ಈಗಲೂ ಇಳಿದಿಲ್ಲ. ಒಳಗೆ ಬಾ ಅನ್ನಲಿಲ್ಲ. ಆ ಕೈಯನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡೆ. ಡಿಕ್ಕಿಗೆ ಮಳೆ ನೀರು ಇಳಿದಿರಬೇಕು. ಒಂದು ಕಾಳಿನ ತುದಿಯಲ್ಲಿ ಬೆಳ್ಳಗೆ, ಸೂಜಿಮೊನೆಯಷ್ಟು ಮೊಳಕೆ.