ಅಮ್ಮ ಎಣಿಸಿದ ಮಿಣುಕು

ನನ್ನ ಅಪ್ಪನಿಗೆ,

ನಾನು ಮೊದಲ ಸ್ಕ್ಯಾನರ್ ತಂದ ದಿನ ನೆನಪಿದೆಯಾ ಅಪ್ಪ? ಮಧುಗಿರಿಯ ನಮ್ಮ ಗ್ಯಾರೇಜಿನಲ್ಲಿ ಅದನ್ನು ಹೊಸ ಕಾರೊಂದಕ್ಕೆ ಸಿಕ್ಕಿಸಿದೆ. ಇಂಜಿನ್ನು, ಬ್ರೇಕು, ಬಾಗಿಲು, ಒಂದೊಂದರ ಕಂಪ್ಯೂಟರೂ ತನ್ನ ದೂರನ್ನು ಪರದೆಯ ಮೇಲೆ ಬರೆದು ತೋರಿಸಿತು. ನೀನು ಕೈ ಒರೆಸಿಕೊಳ್ಳುತ್ತಾ, "ಡಾಕ್ಟ್ರು ಚೀಟಿ ಬರ್ದಂಗೈತಲ್ಲವ್ವ, ಇನ್ನು ನಂದೇನು ಕೆಲ್ಸ?" ಅಂದೆ. ನಾನು ನಕ್ಕುಬಿಟ್ಟೆ. ನಗಬಾರದಿತ್ತೇನೋ...

ನೀನು ತೀರಿಕೊಂಡ ಮೇಲೆ ಅಮ್ಮ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. "ಅಲ್ಲಿಗ್ ಬಂದು ಯಾರ್ ಮುಖ ನೋಡ್ಲಿ?" ಅನ್ನುತ್ತಿದ್ದಳು. ಹೀಗೇ ಒಂದೂವರೆ ವರ್ಷ.

ಹೋದ ವಾರ ಕೊಳಾಲದ ಮೇಷ್ಟ್ರು ತಮ್ಮ ಹಳೇ ಬಿಳಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದರು. ಇಪ್ಪತ್ತು ವರ್ಷ ನೀನೇ ನೋಡಿಕೊಂಡ ಕಾರು. ಬೇರೆ ಕಡೆ ತೋರಿಸಿದರೆ, ಕಂಪ್ಯೂಟರೇ ಸುಟ್ಟಿದೆ, ಈಗ ಅದು ಸಿಗುವುದಿಲ್ಲ ಅಂದರಂತೆ. "ನೀನೂ ಆಗಲ್ಲ ಅಂದ್ರೆ ಗುಜರಿಗೆ ಹಾಕ್ಬುಡ್ತೀನಿ ಕಣಮ್ಮ" ಅನ್ನುವಾಗಲೂ ಅವರ ಕೈ ಬಾನೆಟ್ಟನ್ನು ಸವರುತ್ತಿತ್ತು. ನನ್ನ ಸ್ಕ್ಯಾನರ್ ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ. ಅಷ್ಟು ಹಳೆಯ ಕಂಪ್ಯೂಟರು ಮೀಟರಿನ ದೀಪ ಮಿಣುಕಿಸಿಯೇ ತನ್ನ ನೋವು ಹೇಳಬೇಕು. ಬಾನೆಟ್ಟಿನೊಳಗೆ ಯಾವ ಎರಡು ಪಿನ್ನಿಗೆ ತುಂಡು ವೈರು ಹಿಡಿಯಬೇಕೆಂದು ನಿನ್ನನ್ನು ನೋಡಿ ಕಲಿತಿದ್ದೆ. ಆದರೆ ಎಷ್ಟು ಮಿಣುಕಿಗೆ ಯಾವ ರೋಗ? ಕೇಳಿ ತಿಳಿದುಕೊಳ್ಳಲೇ ಇಲ್ಲವಲ್ಲ ನಾನು!

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಮುಂದೆ ಸುಮ್ಮನೆ ಹೇಳಿಕೊಂಡೆ. ಅವಳ ಕೈ ನಿಂತಿತು. "ದೀಪ ಎಣ್ಸೋ ಕಾರಾ? ನಿಮ್ಮಪ್ಪ ವೈರ್ ಹಿಡ್ಕಂಡು ಬಗ್ಗಿರೋರು. ಸೀಟ್ನಾಗೆ ಕುಂತ್ಕಂಡು ನಾನೇ ಎಣಿಸ್ತಿದ್ದೆ" ಅಂದಳು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ನೀವಿಬ್ಬರೂ ಹೀಗೆ... ನನಗೆ ಗೊತ್ತೇ ಇರಲಿಲ್ಲ ಅಪ್ಪ.

ಮರುದಿನ ಬೆಳಿಗ್ಗೆ ಅವಳಾಗಿಯೇ ಗ್ಯಾರೇಜಿಗೆ ಬಂದಳು. ಸೆರಗು ಸಿಕ್ಕಿಸಿ ಸ್ಟೀರಿಂಗ್ ಮುಂದೆ ಕುಳಿತು ಕೀ ತಿರುಗಿಸಿದಳು. ನಾನು ವೈರು ಹಿಡಿದೆ. "ಒಂದು. ತಡಿ... ಒಂದು, ಎಲ್ಡು, ಮೂರು, ನಾಕು." ಮತ್ತೊಮ್ಮೆ ಅದೇ. "ಒಂದರ ಪಕ್ಕ ನಾಕು, ಹದಿನಾಕು ಕಣೇ! ನೀರಿನ ಬಿಸಿ ನೋಡೋ ವೈರು!" ಎಂದು ಕೂಗಿದಳು. ಹುಡುಕಿದರೆ ಆ ವೈರನ್ನು ಇಲಿ ಕಡಿದಿತ್ತು. ಇಂಜಿನ್ನು ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯದೆ ಪಾಪ ಕಂಪ್ಯೂಟರು ಒದ್ದಾಡುತ್ತಿತ್ತು, ಅಷ್ಟೆ. ಜೋಡಿಸಿದೆ. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು.

ಬೆಳಿಗ್ಗೆಯೇ ಬಂದು ಕಾಯುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದೇ ಅತ್ತಳು, ಆಮೇಲೆ ನಕ್ಕಳು. "ಎಷ್ಟ್ ವರ್ಷ ಈ ಸೀಟ್ನಾಗೆ ಕುಂತೆ, ಒಂದ್ ದಿನಾನೂ ಓಡ್ಸಿಲ್ವಲ್ಲೇ!"

ಅದಕ್ಕೇ ಈ ಕಾಗದ ಅಪ್ಪ. ಸೋಮವಾರದಿಂದ ಅಮ್ಮ ಡ್ರೈವಿಂಗ್ ಕಲಿಯುತ್ತಿದ್ದಾಳೆ. ನಿನ್ನೆ ಗೊರವನಹಳ್ಳಿ ರಸ್ತೆಯಲ್ಲಿ ಮೂರನೇ ಗೇರ್ ಹಾಕಿಬಿಟ್ಟಳು. ಪಕ್ಕದಲ್ಲಿ ಕುಳಿತ ನಾನು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಿನ್ನ ಮಗಳು