ಆಲೆಮನೆಗೆ ಹೋದ ಜಾರುಬಂಡೆ

ಬೆಳಗೊಳ,
ಜನವರಿ 1996

ಕಿರಂಗೂರಿನ ಸೋದರಮಾವ ಬೋರಲಿಂಗಯ್ಯನವರಿಗೆ ಕೆಂಪರಾಜುವಿನ ಸಾಷ್ಟಾಂಗ ನಮಸ್ಕಾರ.

ನೀರು ಹರಿಯಬಿಟ್ಟು ಕಾಲುವೆಗೆ ಜಾರಲೆಂದು ನಾನು ತಗಡು ಬಗ್ಗಿಸಿ, ನಡುವೆ ದೊಡ್ಡ ತಿರುವಿಟ್ಟು ಮಾಡಿದ್ದ ಜಾರುಬಂಡೆ ಹಿತ್ತಿಲಿನಿಂದ ಕಾಣೆಯಾಗಿದೆ. ಯಾರನ್ನೂ ಕಳ್ಳರೆನ್ನುವುದಿಲ್ಲ. ಆದರೆ ನಿಮ್ಮ ಆಲೆಮನೆಯಲ್ಲಿ ಗಾಣದಿಂದ ಕೊಪ್ಪರಿಗೆಗೆ ನೆಟ್ಟಗೆ ಹರಿಯುತ್ತಿದ್ದ ಕಬ್ಬಿನ ಹಾಲು ನಿನ್ನೆ ದೊಡ್ಡ ತಿರುವು ತೆಗೆದುಕೊಂಡು ಬೀಳುತ್ತಿತ್ತು. ನಾನು ಅತ್ತ ನೋಡುತ್ತಲೇ ನೀವು, “ಬಾರ್ಲಾ ಅಳಿಮಯ್ಯ, ಬಿಸಿ ಬೆಲ್ಲ ತಿನ್ನು” ಎಂದಿರಿ. ಕೇಳದೆ ಬೆಲ್ಲ ಕೊಡುವವರು ನೀವಲ್ಲ.

ಇತ್ತ ಅಪ್ಪ, “ತಿರುವಲ್ಲಿ ನೀರೆಲ್ಲ ಆಚ್ಗೆ ಚೆಲ್ಲೋಯ್ತದೆ, ನೀನೂ ಅಂಗೇ ಎಗರಿ ಬೀಳ್ತೀಯ ಕಣ್ಲಾ. ಸಿಕ್ಕುದ್ರೆ ಗುಜರಿಗೆ ಆಕ್ತೀನಿ” ಎನ್ನುತ್ತಿದ್ದಾರೆ. ನಿಮ್ಮಲ್ಲಿ ಒಂದು ಹನಿಯೂ ಚೆಲ್ಲಿದ್ದನ್ನು ನಾನು ಕಾಣಲಿಲ್ಲ.

ದಯಮಾಡಿ ಭಾನುವಾರ ಅದನ್ನು ಎತ್ತಿಕೊಂಡು ಬಂದು, ತಿರುವಲ್ಲಿ ಏನೂ ಚೆಲ್ಲುವುದಿಲ್ಲವೆಂದು ಅಪ್ಪನಿಗೆ ಹೇಳಿ. ಅದು ನಿಮ್ಮಲ್ಲಿಗೆ ಹೇಗೆ ಬಂತೆಂದು ನಾನು ಅಮ್ಮನ ಮುಂದೆ ಬಾಯಿ ಬಿಡುವುದಿಲ್ಲ.

ಇನ್ನೂ ಅನುಮಾನದಲ್ಲಿರುವ ಅಳಿಯ,
ಕೆಂಪರಾಜು